ಚರ್ಮ ಸುಲಿಯುವ ಮೊದಲು: ಟ್ಯಾಬ್ಲೆಟ್‌ನಲ್ಲಿ ದೇಹವನ್ನು ಓದುವ ಬಗೆ

ಅಂಗರಚನೆಯ ಆ್ಯಪ್ ಅನ್ನು ಟ್ಯಾಬ್ಲೆಟ್‌ಗೆ ಇಳಿಸಿಕೊಂಡ ದಿನ ಎಲ್ಲರೂ ಮಾಡುವುದು ಒಂದೇ ಕೆಲಸ. ಚರ್ಮ ತೆಗೆಯುತ್ತಾರೆ, ಸ್ನಾಯುಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತಾರೆ, ಎಲುಬಿನ ಗೂಡನ್ನು ಬುಗುರಿಯಂತೆ ತಿರುಗಿಸುತ್ತಾರೆ, ತಲೆಬುರುಡೆಯೊಳಗೆ ನುಗ್ಗಿ ಮಿದುಳನ್ನು ನೋಡಿಕೊಂಡು ಬರುತ್ತಾರೆ. ಅಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಏನು ಕಲಿತಿರಿ ಎಂದು ಕೇಳಿದರೆ, "ಚೆನ್ನಾಗಿತ್ತು" ಎಂಬ ಉತ್ತರ ಬರುತ್ತದೆ. ನಾನೂ ಹಾಗೆಯೇ ಶುರುಮಾಡಿದವಳು. ಫಿಸಿಯೊಥೆರಪಿ ವಿದ್ಯಾರ್ಥಿಗಳಿಗೆ ಅಂಗರಚನೆ ಕಲಿಸುವುದೇ ನನ್ನ ಕೆಲಸವಾದ್ದರಿಂದ ನನಗೆ ಸ್ವಲ್ಪ ಹೆಚ್ಚೇ ನಾಚಿಕೆಯಾಗಬೇಕಿತ್ತು.

ನಾನು ಕಲಿತದ್ದು ಶವ ಕೊಯ್ಯುವ ಕೋಣೆಯಲ್ಲಿ, ಶವ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆಯ ನಡುವೆ, ಕಣ್ಣು ಉರಿಸಿಕೊಂಡು. ಅಲ್ಲಿ ಒಂದು ನರವನ್ನು ತಪ್ಪಿ ಕತ್ತರಿಸಿದರೆ ಕತ್ತರಿಸಿದಂತೆಯೇ. ಮೇಜಿನ ಸುತ್ತ ನಿಂತವರೆಲ್ಲ ವರ್ಷವಿಡೀ ಅದನ್ನು ನೆನಪಿಸುತ್ತಿದ್ದರು. ಹಾಗಾಗಿ ಚಾಕು ಇಡುವ ಮೊದಲು ನಮ್ಮ ಮೇಷ್ಟ್ರು ಕೇಳುತ್ತಿದ್ದರು: "ಇದರ ಕೆಳಗೆ ಏನು ಸಿಗುತ್ತದೆ, ಹೇಳು." ಉತ್ತರ ಬರುವವರೆಗೆ ಕೈ ಮುಂದಕ್ಕೆ ಹೋಗುವಂತಿರಲಿಲ್ಲ. ಟ್ಯಾಬ್ಲೆಟ್‌ನಲ್ಲಿ ಮಾಡಿದ್ದನ್ನು ರದ್ದು ಮಾಡುವ ಗುಂಡಿಯಿದೆ. ಹತ್ತು ಸಲ ಸುಲಿದು ಹತ್ತು ಸಲ ಹೊದಿಸಬಹುದು. ಅದೊಂದು ವರವೆಂದೇ ಬಹಳ ಕಾಲ ನಂಬಿದ್ದೆ. ಭಯವಿಲ್ಲದ ಕಡೆ ಯೋಚನೆಯೂ ಇರುವುದಿಲ್ಲ ಎಂಬುದು ತಡವಾಗಿ ಹೊಳೆಯಿತು. ಮೇಷ್ಟ್ರ ಆ ಒಂದು ನಿಯಮವನ್ನು ಈಗ ಗಾಜಿನ ಮೇಲಕ್ಕೂ ತಂದಿದ್ದೇನೆ. ಒಂದು ಪದರ ತೆಗೆಯುವ ಮೊದಲು ಅದರ ಕೆಳಗೆ ಏನು ಕಾಣುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ತಟ್ಟಬೇಕು. ತಪ್ಪು ಹೇಳಿದರೂ ಅಡ್ಡಿಯಿಲ್ಲ. ಹಾಗೆ ತಪ್ಪಿದ್ದು ಮರೆತುಹೋಗುವುದಿಲ್ಲ.

ಮೊದಲ ಸಿದ್ಧತೆ

ಇದನ್ನು ಬೇಗ ಮುಗಿಸೋಣ. ಈ ಆ್ಯಪ್‌ಗಳು ಗಾತ್ರದಲ್ಲಿ ದೊಡ್ಡವು. ಆ್ಯಪ್ ಇಳಿದ ಮೇಲೂ ಒಳಗಿನ ಮಾದರಿಗಳು, ಚಲನೆಯ ದೃಶ್ಯಗಳು ಬೇರೆಯಾಗಿ ಇಳಿಯಬೇಕಾಗಬಹುದು. ತರಗತಿಯಲ್ಲಿ ನಿಂತು, ಅರ್ಧ ತುಂಬಿದ ಪಟ್ಟಿಯನ್ನು ನೋಡುತ್ತ ಕಾಯುವ ಬದಲು ಹಿಂದಿನ ದಿನವೇ ಎಲ್ಲವನ್ನೂ ತೆರೆದು ನೋಡಿಕೊಳ್ಳಿ. ಮೂರು ಆಯಾಮದ ಚಿತ್ರಗಳು ಬ್ಯಾಟರಿಯನ್ನು ನುಂಗುತ್ತವೆ, ಟ್ಯಾಬ್ಲೆಟ್ ಬಿಸಿಯಾಗುತ್ತದೆ. ದಪ್ಪ ಕವಚವಿದ್ದರೆ ತೆಗೆದುಬಿಡಿ. ತೆರೆ ತಾನಾಗಿ ತಿರುಗುವ ಸೌಲಭ್ಯವನ್ನು ಬಂದ್ ಮಾಡಿ. ಟ್ಯಾಬ್ಲೆಟ್ಟನ್ನು ಪಕ್ಕದವರಿಗೆ ತೋರಿಸಲು ಸ್ವಲ್ಪ ವಾಲಿಸಿದಾಗಲೆಲ್ಲ ದೃಶ್ಯ ಅಡ್ಡಡ್ಡ ಹೊರಳಿದರೆ ತಲೆ ಕೆಡುತ್ತದೆ. ಪ್ರೊಜೆಕ್ಟರ್‌ಗೆ ಜೋಡಿಸುವವರು ಸಂದೇಶಗಳ ಸೂಚನೆಯನ್ನೂ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಯಕೃತ್ತಿನ ಮೇಲೆ ಮನೆಯವರ ಸಂದೇಶ ತೇಲಿಬಂದು ತರಗತಿಯೆಲ್ಲ ಓದಿದ ಅನುಭವ ನನಗಿದೆ.

ಯಾವ ಆ್ಯಪ್ ಎಂದು ಬಹಳ ಜನ ಕೇಳುತ್ತಾರೆ. 'ಕಂಪ್ಲೀಟ್ ಅನಾಟಮಿ', ವಿಸಿಬಲ್ ಬಾಡಿಯವರ 'ಹ್ಯೂಮನ್ ಅನಾಟಮಿ ಅಟ್ಲಾಸ್' ಹೆಸರುವಾಸಿ. ಹಣ ಕೊಡದೆ ಬಳಸಬೇಕೆನ್ನುವವರಿಗೆ 'ಜೆಡ್-ಅನಾಟಮಿ' ಎಂಬ ಮುಕ್ತ ತಂತ್ರಾಂಶವಿದೆ. ಗುಂಡಿಗಳ ಹೆಸರು, ಜಾಗ ಬೇರೆ ಬೇರೆಯಾದರೂ ಕೆಲಸ ಹೆಚ್ಚುಕಡಿಮೆ ಒಂದೇ. ನಾನು ಮುಂದೆ ಹೇಳುವುದು ಯಾವುದಕ್ಕಾದರೂ ಹೊಂದುತ್ತದೆ. ಆಯ್ಕೆ ಮಾಡುವಾಗ ನಾನು ನೋಡುವುದು ಎರಡನ್ನೇ. ಒಂದು ಭಾಗವನ್ನು ಪೂರ್ತಿ ಅಳಿಸದೆ ಗಾಜಿನಂತೆ ಪಾರದರ್ಶಕ ಮಾಡಲು ಬರುತ್ತದೆಯೇ? ನಾನು ಸಿದ್ಧಪಡಿಸಿದ ನೋಟವನ್ನು ಉಳಿಸಿಟ್ಟು ನಾಳೆ ಮತ್ತೆ ತೆರೆಯಬಹುದೇ? ಈ ಎರಡಿದ್ದರೆ ಸಾಕು. ನಾವು ಕೂತ ಕೋಣೆಯ ಮಧ್ಯೆ ಹೃದಯ ತೇಲುವಂತೆ ತೋರಿಸುವ ಸೌಲಭ್ಯವೆಲ್ಲ ಮೊದಲ ವಾರದ ಸಂಭ್ರಮಕ್ಕೆ.

ಬೆರಳು ಪಳಗಬೇಕು

ಹೆಚ್ಚಿನ ಆ್ಯಪ್‌ಗಳಲ್ಲಿ ಒಂದು ಬೆರಳನ್ನು ಎಳೆದರೆ ದೇಹ ತಿರುಗುತ್ತದೆ. ಎರಡು ಬೆರಳನ್ನು ಅಗಲಿಸಿದರೆ ಹತ್ತಿರ ಬರುತ್ತದೆ, ಜೊತೆಯಾಗಿ ಎಳೆದರೆ ಪಕ್ಕಕ್ಕೆ ಸರಿಯುತ್ತದೆ. ಒಮ್ಮೆ ತಟ್ಟಿದರೆ ಆ ಭಾಗ ಆಯ್ಕೆಯಾಗಿ ಹೆಸರು ಕಾಣಿಸುತ್ತದೆ. ಓದುವಾಗ ಸುಲಭ. ಆದರೆ ಹೊಸಬರು ತಿರುಗಿಸಲು ಹೋಗಿ ಸರಿಸುತ್ತಾರೆ, ಸರಿಸಲು ಹೋಗಿ ಹಿಗ್ಗಿಸುತ್ತಾರೆ, ಕೊನೆಗೆ ದೇಹ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಒಮ್ಮೆ ತುಂಬಿದ ತರಗತಿಯಲ್ಲಿ ನಾನು ಹೊಟ್ಟೆಯನ್ನು ಹಿಗ್ಗಿಸುತ್ತ ಹೋಗಿ ಯಕೃತ್ತಿನ ಒಳಗೇ ಸಿಕ್ಕಿಕೊಂಡೆ. ಗೋಡೆಯ ಮೇಲೆ ಬರೀ ಕಂದು ಬಣ್ಣ. ವಿದ್ಯಾರ್ಥಿಗಳು ತುಂಬ ಮರ್ಯಾದೆಯಿಂದ ಮೌನವಾಗಿದ್ದರು.

ಇಂಥ ಹೊತ್ತಿನಲ್ಲಿ ಬೆರಳಿನಿಂದ ದಾರಿ ಹುಡುಕಬೇಡಿ. ಹುಡುಕುವ ಪೆಟ್ಟಿಗೆಯಲ್ಲಿ ನಿಮಗೆ ಬೇಕಾದ ಭಾಗದ ಹೆಸರು ಕೊಟ್ಟು ಆಯ್ಕೆ ಮಾಡಿದರೆ ನೋಟ ಅದರ ಕಡೆಗೆ ಹಾರುತ್ತದೆ. ಅನೇಕ ಆ್ಯಪ್‌ಗಳಲ್ಲಿ ಆಯ್ಕೆಯಾದ ಭಾಗವೇ ತಿರುಗುವಿಕೆಯ ನಡುಬಿಂದುವೂ ಆಗುತ್ತದೆ. ಮೊಣಕಾಲನ್ನು ನೋಡುವಾಗ ಸೊಂಟವನ್ನು ನಡುಬಿಂದುವಾಗಿ ಬಿಟ್ಟಿದ್ದರೆ ಸ್ವಲ್ಪ ತಿರುಗಿಸಿದರೂ ಮೊಣಕಾಲು ತೆರೆಯಿಂದ ಆಚೆ ಹಾರಿಹೋಗುತ್ತದೆ. ಅದಕ್ಕೇ ಮೊದಲು ಭಾಗವನ್ನು ತಟ್ಟಿ, ಆಮೇಲೆ ತಿರುಗಿಸಿ.

ಅಭ್ಯಾಸಕ್ಕೆ ನಾನು ಎಲ್ಲರಿಗೂ ಒಂದೇ ಮೂಳೆ ಕೊಡುತ್ತೇನೆ: ಬೆನ್ನಿನ ಮೇಲ್ಭಾಗದ ಹಲಗೆ ಮೂಳೆ, ಸ್ಕ್ಯಾಪುಲಾ. ಅದೊಂದನ್ನೇ ತೆರೆಯ ಮೇಲೆ ಇಟ್ಟುಕೊಂಡು ಹಿಂದಿನಿಂದ, ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನಿಲ್ಲಿಸಿ ನೋಡಬೇಕು. ಏನನ್ನೂ ತೆಗೆಯುವಂತಿಲ್ಲ, ಹೆಸರು ಓದುವಂತಿಲ್ಲ. ಹಿಂಬದಿಯಲ್ಲಿ ಅಡ್ಡಲಾಗಿ ಓಡುವ ಏಣು ಎಲ್ಲಿ ಮುಗಿಯುತ್ತದೆ? ತೋಳಿನ ಮೂಳೆ ಕೂರುವ ತಟ್ಟೆ ಎಷ್ಟು ಆಳ? ಆಳ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೆಗಲು ದೇಹದ ಬೇರೆ ಕೀಲುಗಳಿಗಿಂತ ಸುಲಭವಾಗಿ ತಪ್ಪುವುದೇಕೆಂದು ಅದನ್ನು ಪಕ್ಕದಿಂದ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಹತ್ತು ನಿಮಿಷ ಸಾಕು, ಅಷ್ಟರಲ್ಲಿ ಬೆರಳೂ ಪಳಗುತ್ತದೆ.

ಇನ್ನೊಂದು ಮಾತು, ಎಡ-ಬಲದ್ದು. ತೆರೆಯ ಮೇಲಿನ ಮನುಷ್ಯ ನಿಮ್ಮ ಎದುರು ನಿಂತಿದ್ದಾನೆ. ಅವನ ಬಲ ನಿಮ್ಮ ಎಡಕ್ಕಿದೆ. ಅಂಗರಚನೆಯಲ್ಲಿ ಎಡ-ಬಲವೆಂದರೆ ಯಾವಾಗಲೂ ಆ ದೇಹದ ಎಡ-ಬಲ. ಕೈಗಳು ಕೆಳಕ್ಕೆ ಇಳಿಬಿದ್ದು ಅಂಗೈಗಳು ಮುಂದಕ್ಕೆ ತೆರೆದಿರುವ ನಿಲುವೇ ಎಲ್ಲ ವಿವರಣೆಗೂ ಆಧಾರ. ಅದನ್ನು ಮರೆತು ದೇಹವನ್ನು ಹಿಂದಕ್ಕೆ ತಿರುಗಿಸಿದ ಕೂಡಲೇ ಎಂಥವರೂ ತಪ್ಪುತ್ತಾರೆ. ನಾನು ತೆರೆಯ ಮೂಲೆಯಲ್ಲಿ ದಿಕ್ಕು ತೋರಿಸುವ ಪುಟ್ಟ ಗೊಂಬೆಯನ್ನು ಸದಾ ಕಾಣುವಂತೆ ಇಟ್ಟಿರುತ್ತೇನೆ. ಅದಿಲ್ಲದ ಆ್ಯಪ್‌ನಲ್ಲಿ ಹೃದಯದ ತುದಿ ಯಾವ ಕಡೆಗೆ ವಾಲಿದೆ ಎಂದು ನೋಡಿಕೊಂಡರೂ ಆಯಿತು, ಅದು ಎಡಕ್ಕೆ.

ಅಳಿಸಬೇಕೆ, ಮಸುಕಾಗಿಸಬೇಕೆ

ಆ್ಯಪ್ ಬಳಸುವ ಕಲೆಯೆಲ್ಲ ಇರುವುದು ಮೂರು ಗುಂಡಿಗಳಲ್ಲಿ. ಹೈಡ್ ಒತ್ತಿದರೆ ಆ ಭಾಗ ಮಾಯವಾಗುತ್ತದೆ. ಫೇಡ್ ಒತ್ತಿದರೆ ಮಸುಕಾಗಿ ಹಿಂದಿನದು ಕಾಣುತ್ತದೆ. ಐಸೊಲೇಟ್ ಒತ್ತಿದರೆ ಅದೊಂದೇ ಉಳಿದು ಮಿಕ್ಕದ್ದೆಲ್ಲ ಹೋಗುತ್ತದೆ. ಮೂರನೆಯದು ನೋಡಲು ಬಹಳ ಚಂದ, ಕಲಿಯುವವರಿಗೆ ಅದೇ ದೊಡ್ಡ ಮೋಸ. ಕಪ್ಪು ಆಕಾಶದಲ್ಲಿ ತೇಲುವ ಒಂಟಿ ಸ್ನಾಯು ಎಲ್ಲಿಂದ ಬಂತು, ಯಾರ ಪಕ್ಕದಲ್ಲಿತ್ತು ಎಂಬುದೇ ತಿಳಿಯದಂತಾಗುತ್ತದೆ. ಮದುವೆಮನೆಯ ಗುಂಪುಚಿತ್ರದಿಂದ ಒಬ್ಬರ ಮುಖವನ್ನಷ್ಟೇ ಕತ್ತರಿಸಿ ಇವರು ಯಾರಿಗೆ ಏನಾಗಬೇಕು ಎಂದು ಕೇಳಿದ ಹಾಗೆ. ಒಂಟಿ ನೋಟವನ್ನು ಆಕಾರ ತಿಳಿಯಲಿಕ್ಕೆ ಅರ್ಧ ನಿಮಿಷ ಬಳಸಿ, ಕೂಡಲೇ ನೆರೆಹೊರೆಯನ್ನು ಮರಳಿ ತನ್ನಿ.

ಹೆಗಲಿನ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ತೋಳಿನ ಮೂಳೆಯ ಗುಂಡನ್ನು ತಟ್ಟೆಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳಿವೆ: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್. ಮೊದಲನೆಯದನ್ನು ನೋಡಬೇಕು ಎಂದಿಟ್ಟುಕೊಳ್ಳಿ. ದೇಹವನ್ನು ಹಿಂದಕ್ಕೆ ತಿರುಗಿಸಿ. ಮೇಲೆ ಹೊದ್ದುಕೊಂಡಿರುವ ಅಗಲವಾದ ಟ್ರಪೀಜಿಯಸ್ ಅನ್ನು ಅಳಿಸಿ. ಅಳಿಸುವ ಮೊದಲು ಕೆಳಗೇನಿದೆ ಎಂದು ಹೇಳಿದಿರಷ್ಟೆ? ಏಣಿನ ಮೇಲಿನ ತೋಡಿನಲ್ಲಿ ಸುಪ್ರಾಸ್ಪೈನೇಟಸ್ ಮಲಗಿರುವುದು ಕಾಣುತ್ತದೆ. ಅದು ಹೊರಕ್ಕೆ ಓಡಿ ಒಂದು ಮೂಳೆಯ ಚಾಚಿನ ಕೆಳಗೆ ನುಸುಳುತ್ತದೆ. ಆ ಚಾಚಿನ ಹೆಸರು ಆಕ್ರೋಮಿಯನ್. ಇಲ್ಲಿ ಹೊಸಬರೆಲ್ಲ ಅಡ್ಡ ಬಂದ ಮೂಳೆಯನ್ನೂ ಅಳಿಸುತ್ತಾರೆ. ಅಳಿಸಬೇಡಿ, ಮಸುಕಾಗಿಸಿ. ಏಕೆಂದರೆ ನೋಡಬೇಕಾದದ್ದೇ ಮೂಳೆಯ ಕೆಳಗಿನ ಆ ಇಕ್ಕಟ್ಟು. ಕೈಯನ್ನು ಪಕ್ಕಕ್ಕೆ ಎತ್ತುವಾಗ ಹೆಗಲಲ್ಲಿ ನೋವೆಂದು ಬರುವವರಲ್ಲಿ ಅನೇಕರ ಕಥೆ ಈ ಸಂದಿಯ ಸುತ್ತ ನಡೆಯುತ್ತದೆ. ಚಾಚನ್ನು ಅಳಿಸಿಬಿಟ್ಟರೆ ಸಂದಿಯೂ ಇಲ್ಲ, ಕಥೆಯೂ ಇಲ್ಲ.

ನಾಲ್ಕನೆಯದು ಸಬ್‌ಸ್ಕ್ಯಾಪುಲಾರಿಸ್. ಇದನ್ನು ಹುಡುಕಲು ಬಿಟ್ಟರೆ ಅರ್ಧ ತರಗತಿ ಹಿಂದಿನಿಂದ ಸುಲಿಯುತ್ತದೆ, ಸಿಗುವುದಿಲ್ಲ. ಇನ್ನರ್ಧ ಮುಂದಿನಿಂದ ಎದೆಯ ಸ್ನಾಯುಗಳಾದ ಪೆಕ್ಟೋರಾಲಿಸ್ ಮೇಜರ್, ಮೈನರ್ ಎರಡನ್ನೂ ತೆಗೆಯುತ್ತದೆ, ಪಕ್ಕೆಲುಬು ಅಡ್ಡ ಬರುತ್ತದೆ. ಅದು ಅಡಗಿರುವುದು ಹಲಗೆ ಮೂಳೆಗೂ ಪಕ್ಕೆಲುಬಿನ ಗೂಡಿಗೂ ನಡುವೆ, ಗೋಡೆಗೂ ಕಪಾಟಿಗೂ ನಡುವೆ ಬಿದ್ದ ಕಾಗದದಂತೆ. ಪಕ್ಕೆಲುಬುಗಳನ್ನೂ ಅವುಗಳ ಮೇಲೆ ಹರಡಿರುವ ಸೆರೇಟಸ್ ಆಂಟೀರಿಯರ್ ಸ್ನಾಯುವನ್ನೂ ಅಳಿಸಿ ಮುಂದಿನಿಂದ ನೋಡಿದಾಗ ಮಾತ್ರ ಹಲಗೆಯ ಒಳಮುಖವನ್ನೆಲ್ಲ ತುಂಬಿರುವ ಆ ದಪ್ಪ ಸ್ನಾಯು ಕಾಣುತ್ತದೆ. ಮಿಕ್ಕ ಮೂರೂ ತೋಳಿನ ಮೂಳೆಯ ದೊಡ್ಡ ಗುಬುಟಿಗೆ ಅಂಟಿದರೆ ಇದೊಂದು ಮುಂದಿನ ಚಿಕ್ಕ ಗುಬುಟಿಗೆ ಅಂಟುತ್ತದೆ. ಆದ್ದರಿಂದ ಇದು ಕುಗ್ಗಿದರೆ ತೋಳು ಯಾವ ಕಡೆ ತಿರುಗಬೇಕು? ತಟ್ಟಿ ಓದುವ ಮೊದಲು ಎಳೆತದ ದಿಕ್ಕನ್ನು ಬೆರಳಿನಿಂದ ಗಾಜಿನ ಮೇಲೆ ಎಳೆದು ನೋಡಿ. ಒಳಕ್ಕೆ ಎಂದು ನೀವೇ ಹೇಳುತ್ತೀರಿ.

ಹುಡುಕಾಟ ಮುಗಿದ ಮೇಲೆ ಆ ನೋಟವನ್ನು ಉಳಿಸಿಡಿ. ಹೆಸರು ಕೊಡುವಾಗ "ಹೆಗಲು 1", "ಹೆಗಲು 2" ಎಂದು ಬರೆಯಬೇಡಿ. ನಾನು ಹಾಗೆ ಬರೆದು ಈಗ ನಲವತ್ತಕ್ಕೂ ಹೆಚ್ಚು ಹೆಗಲುಗಳ ಒಡತಿಯಾಗಿದ್ದೇನೆ. "ಪಕ್ಕೆಲುಬಿಲ್ಲದ ಹೆಗಲು, ಮುಂದಿನಿಂದ" ಎಂದು ಬರೆದರೆ ಆರು ತಿಂಗಳ ನಂತರವೂ ಅರ್ಥವಾಗುತ್ತದೆ.

ಒಂದು ಪೂರ್ತಿ ಪಾಠ: ಮಣಿಕಟ್ಟು

ಆ್ಯಪ್ ತೆರೆಯುವಾಗ ಕೈಯಲ್ಲಿ ಒಂದು ಪ್ರಶ್ನೆ ಇರಲಿ. "ಇವತ್ತು ಕೈ ನೋಡೋಣ" ಎನ್ನುವುದು ಪ್ರಶ್ನೆಯಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡವರಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಕಿರುಬೆರಳು ಮಾತ್ರ ಏಕೆ ಚೆನ್ನಾಗಿರುತ್ತದೆ? ಇದು ಪ್ರಶ್ನೆ. ಇದನ್ನು ಚೀಟಿಯಲ್ಲಿ ಬರೆದು ಟ್ಯಾಬ್ಲೆಟ್ ಪಕ್ಕದಲ್ಲಿ ಇಟ್ಟುಕೊಳ್ಳಿ.

ಎಡಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲೆ ಇಡಿ. ತೆರೆಯಲ್ಲೂ ಎಡಗೈಯನ್ನೇ, ಅದೇ ಭಂಗಿಯಲ್ಲಿ ತನ್ನಿ. ಚರ್ಮ ತೆಗೆದರೆ ಮಣಿಕಟ್ಟಿಗೆ ಅಡ್ಡಲಾಗಿ ಬಿಗಿದ ಪಟ್ಟಿಯೊಂದು ಕಾಣುತ್ತದೆ, ಫ್ಲೆಕ್ಸರ್ ರೆಟಿನಾಕ್ಯುಲಮ್. ಅದನ್ನು ಇನ್ನೂ ಮುಟ್ಟಬೇಡಿ. ಮೊದಲು ಹಿಂದಿನಿಂದ ಮೂಳೆಗಳನ್ನು ನೋಡಿ. ಎಂಟು ಪುಟ್ಟ ಮೂಳೆಗಳು ಕಲ್ಲಿನ ಕಮಾನಿನಂತೆ ಬಾಗಿ ಕೂತಿವೆ. ಕಮಾನಿನ ಎರಡು ತುದಿಗಳ ನಡುವೆ ಕಟ್ಟಿದ ಹಗ್ಗ ಆ ಪಟ್ಟಿ. ನಡುವೆ ಉಳಿದದ್ದು ಒಂದು ಸುರಂಗ. ನೆಲ, ಗೋಡೆ ಮೂಳೆಯದು, ಮಾಡು ಪಟ್ಟಿಯದು. ಎರಡೂ ಹಿಗ್ಗುವಂಥವಲ್ಲ.

ಈಗ ಪಟ್ಟಿಯನ್ನು ಮಸುಕಾಗಿಸಿ, ಒಳಗೆ ಹೋಗುವವುಗಳನ್ನು ಎಣಿಸಿ. ಬೆರಳುಗಳನ್ನು ಮಡಿಸುವ ಮೇಲಿನ ಪದರದ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ನಾಲ್ಕು, ಆಳದ ಪದರದವು ನಾಲ್ಕು, ಹೆಬ್ಬೆರಳಿಗೆ ಹೋಗುವುದು ಒಂದು. ಒಟ್ಟು ಒಂಬತ್ತು. ಅವುಗಳ ಜೊತೆಗೆ ಹಳದಿ ಬಣ್ಣದ ಒಂದೇ ಒಂದು ನರ, ಮೀಡಿಯನ್. ಸುರಂಗದೊಳಗೆ ಊತ ಬಂದರೆ ಇಷ್ಟು ಜನರ ನಡುವೆ ಮೊದಲು ನರಳುವವರು ಯಾರು ಎಂದು ಊಹಿಸುವುದು ಕಷ್ಟವಲ್ಲ. ಇನ್ನು ಕಿರುಬೆರಳಿನ ನರವನ್ನು, ಅಂದರೆ ಅಲ್ನಾರ್ ನರವನ್ನು ತಟ್ಟಿ ಮೊಣಕೈಯಿಂದ ಕೆಳಕ್ಕೆ ಹಿಂಬಾಲಿಸಿ. ಮಣಿಕಟ್ಟಿಗೆ ಬಂದಾಗ ಅದು ಸುರಂಗಕ್ಕೆ ಇಳಿಯುವುದಿಲ್ಲ, ಪಟ್ಟಿಯ ಮೇಲಿನಿಂದಲೇ ದಾಟಿ ಹೋಗುತ್ತದೆ. ಕಿರುಬೆರಳು ಪಾರಾದ ಗುಟ್ಟು ಅಷ್ಟೇ. ಉಂಗುರಬೆರಳಿನ ಅರ್ಧಕ್ಕೆ ಮೀಡಿಯನ್, ಅರ್ಧಕ್ಕೆ ಅಲ್ನಾರ್ ನರ ಹೋಗುವುದರಿಂದ ಆ ಒಂದು ಬೆರಳು ಮಧ್ಯದಲ್ಲಿ ಗೆರೆ ಎಳೆದಂತೆ ಅರ್ಧ ಜೋಮು ಹಿಡಿಯಬಹುದು. ಮೊದಲ ಸಲ ರೋಗಿಯೊಬ್ಬರು ಹಾಗೆ ಹೇಳಿದಾಗ ಅವರು ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಕೊನೆಯ ಹೆಜ್ಜೆ ಎಲ್ಲರೂ ಬಿಡುವಂಥದ್ದು. ಎಲ್ಲವನ್ನೂ ಅಳಿಸಿ ಬರೀ ಮೂಳೆ ಉಳಿಸಿ, ಈಗ ಒಂದೊಂದನ್ನೇ ಮರಳಿ ಸೇರಿಸುತ್ತ ಬನ್ನಿ: ಮೊದಲು ಆಳದ ರಜ್ಜುಗಳು, ಮೇಲಿನವು, ನರ, ಪಟ್ಟಿ, ಚರ್ಮ. ಬಿಚ್ಚುವಾಗ ಆ್ಯಪ್ ತಾನೇ ಮುಂದಿನದನ್ನು ತೋರಿಸಿಬಿಡುತ್ತದೆ. ಕಟ್ಟುವಾಗ ಮುಂದಿನದು ಯಾವುದೆಂದು ನಿಮಗೆ ಗೊತ್ತಿರಲೇಬೇಕು. ಗೊತ್ತಿಲ್ಲದ ಕಡೆ ಕೈ ನಿಲ್ಲುತ್ತದೆ. ಆ ಜಾಗವನ್ನು ಗುರುತು ಹಾಕಿಕೊಳ್ಳಿ, ನಾಳೆಯ ಪ್ರಶ್ನೆ ಅಲ್ಲಿದೆ.

ಒಂದು ಕೈ ಗಾಜಿನ ಮೇಲೆ, ಇನ್ನೊಂದು ಮೈಮೇಲೆ

ಎರಡೂ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದುಕೊಂಡು ಕೂತವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಅದನ್ನು ಯಾವುದಕ್ಕಾದರೂ ಒರಗಿಸಿಡಿ. ಒಂದು ಕೈ ಬಿಡುವಾಗಿರಲಿ, ಅದಕ್ಕೆ ಬೇರೆ ಕೆಲಸವಿದೆ.

ಚಲನೆಯ ದೃಶ್ಯಗಳಲ್ಲಿ ಮುಂಗೈ ಮಗುಚುವುದನ್ನು ಹುಡುಕಿ ತೆರೆಯಿರಿ. ಅಂಗೈ ಮುಂದಕ್ಕಿರುವಾಗ ಮುಂಗೈಯ ಮೂಳೆಗಳಾದ ರೇಡಿಯಸ್, ಅಲ್ನಾ ಎರಡೂ ಅಕ್ಕಪಕ್ಕ ನೆಟ್ಟಗೆ ನಿಂತಿರುತ್ತವೆ. ಅಂಗೈಯನ್ನು ಹಿಂದಕ್ಕೆ ತಿರುಗಿಸಿದರೆ ರೇಡಿಯಸ್ ಅಲ್ನಾದ ಮೇಲಿನಿಂದ ಅಡ್ಡ ದಾಟುತ್ತದೆ, ಕಾಲ ಮೇಲೆ ಕಾಲು ಹಾಕಿ ಕೂತಂತೆ. ದೃಶ್ಯವನ್ನು ಅರ್ಧದಲ್ಲಿ ನಿಲ್ಲಿಸಿ. ಈಗ ನಿಮ್ಮ ಮೊಣಕೈಯ ಹಿಂದಿನ ಗಟ್ಟಿ ಮೊನೆಯನ್ನು ಹಿಡಿದುಕೊಂಡು ಅಂಗೈಯನ್ನು ಮಗುಚಿ ನೋಡಿ. ಮೊನೆ ಅಲುಗುವುದಿಲ್ಲ, ಅದು ಅಲ್ನಾ. ಹೆಬ್ಬೆರಳ ಕಡೆಯ ಮಣಿಕಟ್ಟನ್ನು ಹಿಡಿದು ಮತ್ತೆ ಮಗುಚಿ. ಇಡೀ ಮೂಳೆ ಬೆರಳ ಕೆಳಗೆ ಹೊರಳುತ್ತದೆ, ಅದು ರೇಡಿಯಸ್. ಎರಡು ವಾರ ಪುಸ್ತಕದಲ್ಲಿ ಅದಲುಬದಲಾಗುತ್ತಿದ್ದ ಹೆಸರುಗಳು ಅರ್ಧ ನಿಮಿಷದಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

ಮೈಮೇಲೆ ಹುಡುಕಿದಾಗ ಒಮ್ಮೊಮ್ಮೆ ತೆರೆಯೂ ಮೈಯೂ ಜಗಳವಾಡುತ್ತವೆ. ಹೆಬ್ಬೆರಳ ತುದಿಗೆ ಕಿರುಬೆರಳ ತುದಿ ಮುಟ್ಟಿಸಿ ಮಣಿಕಟ್ಟನ್ನು ಸ್ವಲ್ಪ ಮಡಿಸಿದರೆ ನಡುವೆ ಒಂದು ತಂತಿ ಎದ್ದು ನಿಲ್ಲುತ್ತದೆ. ಅದು ಪಾಲ್ಮಾರಿಸ್ ಲಾಂಗಸ್ ಸ್ನಾಯುವಿನ ರಜ್ಜು. ಒಬ್ಬ ಹುಡುಗಿ ಐದಾರು ಸಲ ಪ್ರಯತ್ನಿಸಿ, ಮುಖ ಸಣ್ಣದು ಮಾಡಿಕೊಂಡು, "ಮೇಡಂ, ಆ್ಯಪ್‌ನಲ್ಲಿದೆ, ನನ್ನ ಕೈಯಲ್ಲಿಲ್ಲ. ನನಗೇನಾಗಿದೆ?" ಎಂದಳು. ಏನೂ ಆಗಿಲ್ಲ. ಸರಿಸುಮಾರು ಏಳು ಕೈಗಳಲ್ಲಿ ಒಂದರಲ್ಲಿ ಆ ಸ್ನಾಯು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೆ ನಷ್ಟವೂ ಇಲ್ಲ. ಬೇರೆ ಕಡೆ ರಜ್ಜು ಹರಿದಾಗ ಶಸ್ತ್ರವೈದ್ಯರು ಇದನ್ನೇ ತೆಗೆದು ಕಸಿ ಮಾಡುವುದುಂಟು. ಆ್ಯಪ್‌ನಲ್ಲಿರುವುದು ಒಬ್ಬನೇ ಮನುಷ್ಯ, ಅದೂ ಯಾರೋ ತಿದ್ದಿ ತೀಡಿ ನಿಲ್ಲಿಸಿದವನು. ಪೃಷ್ಠದ ಪಿರಿಫಾರ್ಮಿಸ್ ಸ್ನಾಯುವಿನ ಕೆಳಗಿನಿಂದ ಸಯಾಟಿಕ್ ನರ ಹೊರಬರುವುದನ್ನು ಅವನು ಅಚ್ಚುಕಟ್ಟಾಗಿ ತೋರಿಸುತ್ತಾನೆ. ಕೆಲವರಲ್ಲಿ ಆ ನರದ ಒಂದು ಭಾಗ ಸ್ನಾಯುವನ್ನೇ ತೂರಿ ಬರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ.

ಹೆಸರುಗಳ ಕಾಟ

ಮೂಳೆಗಳೇ 206. ಸ್ನಾಯು, ನರ, ರಕ್ತನಾಳ ಸೇರಿದರೆ ಯಾರೂ ಉರುಹೊಡೆಯಲಾರರು, ಹೊಡೆಯಲೂ ಬಾರದು. ಹೆಸರನ್ನು ಒಡೆದು ನೋಡಿ. ಫ್ಲೆಕ್ಸರ್ ಎಂದರೆ ಮಡಿಸುವುದು, ಕಾರ್ಪೈ ಎಂದರೆ ಮಣಿಕಟ್ಟಿನ, ರೇಡಿಯಾಲಿಸ್ ಎಂದರೆ ರೇಡಿಯಸ್ ಕಡೆಯದು. ಹೆಸರೇ ವಿಳಾಸ ಹೇಳಿತು. ಹೊಸ ಹೆಸರು ಸಿಕ್ಕಾಗ ತಟ್ಟಿ ವಿವರಣೆ ಓದುವ ಮೊದಲು ಹೀಗೆ ಒಡೆದು, ಅದು ಎಲ್ಲಿರಬೇಕೆಂದು ಊಹಿಸಿ, ಅಲ್ಲಿಗೆ ಹೋಗಿ ನೋಡಿ.

ಹುಡುಕಿದ ಹೆಸರು ಸಿಗದಿದ್ದರೆ ಆ್ಯಪ್ ಅನ್ನು ಬೈಯುವ ಮೊದಲು ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಕೊಟ್ಟು ನೋಡಿ. 19ನೇ ಶತಮಾನದ ಕೊನೆಯ ಹೊತ್ತಿಗೆ ದೇಹದ ಭಾಗಗಳಿಗೆ ಸುಮಾರು 50,000 ಹೆಸರುಗಳು ಚಲಾವಣೆಯಲ್ಲಿದ್ದವು. 1895ರಲ್ಲಿ ಬಾಸೆಲ್‌ನಲ್ಲಿ ಸೇರಿದ ಅಂಗರಚನಾ ತಜ್ಞರು ಅವನ್ನು ಸುಮಾರು 5,500ಕ್ಕೆ ಇಳಿಸಿದರು. ಪರಿಷ್ಕರಣೆ ಅಲ್ಲಿಗೇ ನಿಲ್ಲಲಿಲ್ಲ. 1998ರ ಅಂತರರಾಷ್ಟ್ರೀಯ ಪಟ್ಟಿ ಕಾಲಿನ ಹೊರಬದಿಯ ಸ್ನಾಯುಗಳನ್ನು ಫಿಬ್ಯುಲಾರಿಸ್ ಎಂದು ಕರೆಯಿತು. ನಮ್ಮ ಹಳೆಯ ಪುಸ್ತಕಗಳಲ್ಲಿ ಅವೇ ಪೆರೋನಿಯಸ್. ನನ್ನ ಬಾಯಲ್ಲಿ ಇಂದಿಗೂ ಪೆರೋನಿಯಸ್ ಎಂದೇ ಬರುತ್ತದೆ. ವಿದ್ಯಾರ್ಥಿಗಳು ಕೂಡಲೇ ತಿದ್ದುತ್ತಾರೆ.

ಒಳಗಿರುವ ರಸಪ್ರಶ್ನೆಯನ್ನು ಎಲ್ಲರೂ ಕೊನೆಗೆ ತೆರೆಯುತ್ತಾರೆ. ಮೊದಲು ತೆರೆಯಿರಿ, ಪಾಠಕ್ಕೂ ಮುಂಚೆ. ಹತ್ತರಲ್ಲಿ ಎರಡು ಬರುತ್ತವೆ, ಬರಲಿ. ಆ ಎಂಟು ತಪ್ಪುಗಳನ್ನು ಹುಡುಕುವ ಕಣ್ಣು ಪಾಠದುದ್ದಕ್ಕೂ ಎಚ್ಚರವಾಗಿರುತ್ತದೆ.

ಅಡ್ಡ ಕೊಯ್ತ

ದೇಹವನ್ನು ಅಡ್ಡಲಾಗಿ ಕೊಯ್ದು ತೋರಿಸುವ ಸೌಲಭ್ಯ ಇದ್ದರೆ ಅದರಲ್ಲೊಂದು ಬಿಕ್ಕಟ್ಟಿದೆ. ಸಿ.ಟಿ. ಚಿತ್ರಗಳಲ್ಲಿ ಮಲಗಿದವರನ್ನು ಪಾದದ ಕಡೆಯಿಂದ ನೋಡುವ ರೂಢಿ. ಹಾಗಾಗಿ ಯಕೃತ್ತು ಚಿತ್ರದ ಎಡಗಡೆ ಕಾಣುತ್ತದೆ. ನೀವು ಮೂರು ಆಯಾಮದ ಮಾದರಿಯನ್ನು ತಲೆಯ ಕಡೆಯಿಂದ ನೋಡುತ್ತಿದ್ದರೆ ಎಲ್ಲವೂ ಮಗುಚಿರುತ್ತದೆ. ಮಾದರಿಯನ್ನು ಕೆಳಗಿನಿಂದ ಕಾಣುವಂತೆ ತಿರುಗಿಸಿಕೊಂಡು ಆಮೇಲೆ ಕೊಯ್ಯಿರಿ.

ಒಂದು ಒಳ್ಳೆಯ ಆಟವಿದೆ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯಲ್ಲಿ ಮೂರು ದೊಡ್ಡ ಕಿಂಡಿಗಳಿವೆ. ಕೊಯ್ತದ ಹಲಗೆಯನ್ನು ಮೇಲಿನಿಂದ ನಿಧಾನವಾಗಿ ಇಳಿಸುತ್ತ, ಮೊದಲು ಯಾವುದು ದಾಟುತ್ತದೆ ಎಂದು ಪಂದ್ಯ ಕಟ್ಟಿ. ಎದೆಯ ಭಾಗದ 8ನೇ ಕಶೇರುವಿನ (ಬೆನ್ನೆಲುಬಿನ ಮಣಿಯ) ಮಟ್ಟದಲ್ಲಿ ಕೆಳಗಿನ ಮಹಾ ಅಭಿಧಮನಿ, 10ರಲ್ಲಿ ಅನ್ನನಾಳ, 12ರಲ್ಲಿ ಮಹಾಪಧಮನಿ.

ನಿಜವಾದ ಕೊಯ್ತ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ 'ವಿಸಿಬಲ್ ಹ್ಯೂಮನ್' ಯೋಜನೆಯ ಚಿತ್ರಗಳನ್ನು ಹುಡುಕಿ. ಹೆಪ್ಪುಗಟ್ಟಿಸಿದ ಪುರುಷ ದೇಹವೊಂದನ್ನು 1 ಮಿಲಿಮೀಟರ್‌ಗೊಮ್ಮೆ ಹೆರೆದು ತೆಗೆದ ಚಿತ್ರಗಳು 1994ರಲ್ಲಿ ಹೊರಬಂದವು. ಮರುವರ್ಷ ಬಂದ ಸ್ತ್ರೀ ದೇಹದ ಚಿತ್ರಗಳನ್ನು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೊಮ್ಮೆ ತೆಗೆಯಲಾಗಿತ್ತು. ಅವನ್ನು ನೋಡಿ ಮರಳಿ ಆ್ಯಪ್‌ಗೆ ಬಂದರೆ ಇಲ್ಲಿ ಏನಿಲ್ಲ ಎಂಬುದು ಕಣ್ಣಿಗೆ ಹೊಡೆಯುತ್ತದೆ: ಕೊಬ್ಬು. ನಿಜದ ದೇಹದಲ್ಲಿ ಎಲ್ಲದರ ಸುತ್ತಲೂ ಹಳದಿ ಕೊಬ್ಬು, ಎಲ್ಲದರ ನಡುವೆಯೂ ಜೇಡರ ಬಲೆಯಂಥ ಪೊರೆ. ಆ್ಯಪ್‌ನಲ್ಲಿ ಅವನ್ನೆಲ್ಲ ಗುಡಿಸಿ ಹಾಕಿದ್ದಾರೆ. ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ ಎಂಬುದೂ ಬಳಿದ ಬಣ್ಣವೇ. ನಮ್ಮ ಮೇಜಿನ ಮೇಲೆ ಮೂರೂ ಒಂದೇ ಬೂದು-ಕಂದು ಬಣ್ಣದ ದಾರಗಳಾಗಿದ್ದವು, ಬೆರಳಿನಿಂದ ಒತ್ತಿ ಟೊಳ್ಳೋ ಗಟ್ಟಿಯೋ ಎಂದು ನೋಡಿ ಹೇಳುತ್ತಿದ್ದೆವು.

ಗಾತ್ರವೂ ಮೋಸ ಮಾಡುತ್ತದೆ. ಕಿವಿಯೊಳಗಿನ ರಿಕಾಪು ಮೂಳೆ ಸುಮಾರು 3 ಮಿಲಿಮೀಟರ್, ತೊಡೆಮೂಳೆ ದೇಹದಲ್ಲೇ ಉದ್ದವಾದದ್ದು. ಒಂಟಿಯಾಗಿ ತೋರಿಸಿದರೆ ಎರಡೂ ತೆರೆಯ ತುಂಬ ಅಷ್ಟಷ್ಟೇ ದೊಡ್ಡದಾಗಿ ನಿಲ್ಲುತ್ತವೆ. ಹಾಗಾಗಿ ಏನನ್ನು ಹಿಗ್ಗಿಸಿದರೂ ಪಕ್ಕದಲ್ಲಿ ಗೊತ್ತಿರುವ ಒಂದು ಮೂಳೆ ಉಳಿದಿರಲಿ.

ಬೇರೆಯವರಿಗೆ ತೋರಿಸುವಾಗ

ರೋಗಿಗಳಿಗೆ, ಮನೆಯ ಹಿರಿಯರಿಗೆ ತೋರಿಸುವಾಗ ನೋಟವನ್ನು ಮೊದಲೇ ಸಿದ್ಧಮಾಡಿ ಉಳಿಸಿಟ್ಟುಕೊಳ್ಳಿ. ಅವರ ಮುಂದೆ ಇಡೀ ದೇಹದಿಂದ ಶುರುಮಾಡಿ ಚರ್ಮ ಸುಲಿಯಬೇಡಿ. ರೆಪ್ಪೆಯಿಲ್ಲದ ಎರಡು ಕಣ್ಣುಗುಡ್ಡೆಗಳು ದಿಟ್ಟಿಸಿ ನೋಡುವುದು ನಮಗೆ ರೂಢಿಯಾಗಿದೆ, ಅವರಿಗಲ್ಲ. ಮೊಣಕಾಲು ನೋವೆಂದು ಬಂದ ಅಜ್ಜಿಯೊಬ್ಬರು ಅದನ್ನು ಕಂಡು ಮುಖ ತಿರುಗಿಸಿದವರು ಮತ್ತೆ ತೆರೆಯತ್ತ ನೋಡಲೇ ಇಲ್ಲ. ಈಗ ನಾನು ಮೊಣಕಾಲೊಂದನ್ನೇ, ಮೂಳೆ ಮತ್ತು ನಡುವಿನ ಮೆತ್ತೆಯಷ್ಟೇ ಇರುವಂತೆ ಇಟ್ಟಿರುತ್ತೇನೆ. ಅವರ ಕಾಲು ಯಾವ ಕಡೆಗಿದೆಯೋ ತೆರೆಯ ಕಾಲನ್ನೂ ಅದೇ ಕಡೆಗೆ ತಿರುಗಿಸುತ್ತೇನೆ. ಒಂದೇ ಮಾತು, ಒಂದೇ ಭಾಗ. ಹೆಸರುಗಳನ್ನು ಕಾಣದಂತೆ ಮಾಡಿರುತ್ತೇನೆ.

ಮುಗಿದ ಮೇಲೆ ರೀಸೆಟ್ ಒತ್ತಿ ಎಲ್ಲವನ್ನೂ ಮರಳಿ ತಂದು ಟ್ಯಾಬ್ಲೆಟ್ ಮುಚ್ಚಿ. ನಾನು ಒಮ್ಮೆ ಮರೆತಿದ್ದೆ. ಮರುದಿನ ಸಹೋದ್ಯೋಗಿಯೊಬ್ಬರು ಹಾಜರಿ ಹಾಕಲೆಂದು ಅದೇ ಟ್ಯಾಬ್ಲೆಟ್ ತೆರೆದಾಗ ಕಪ್ಪು ತೆರೆಯ ನಟ್ಟನಡುವೆ ಒಂದು ನಾಲಿಗೆ ಮಾತ್ರ ನಿಧಾನವಾಗಿ ತಿರುಗುತ್ತಿತ್ತಂತೆ.